ಹದಿನೆಂಟು ತುಂಬಿದವರಿಗೆ ಅಡ್ವಾನ್ಸ್ ಕಟ್ಟುವವರು ಯಾರು?

ಬಾಲಮಂದಿರದಲ್ಲಿ ಬೆಳೆದ ಹುಡುಗನಿಗೆ ಹದಿನೆಂಟು ತುಂಬುವುದು ಯಾವತ್ತು ಎಂಬುದು ಸರ್ಕಾರಕ್ಕೆ ಮೊದಲೇ ಗೊತ್ತಿರುತ್ತದೆ. ಅವನ ಕಡತದಲ್ಲಿ ಜನ್ಮದಿನಾಂಕವಿದೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿದೆ, ವೈಯಕ್ತಿಕ ಪಾಲನಾ ಯೋಜನೆ ಎಂಬ ನಮೂನೆಯೂ ಇದೆ. ನೆರೆ ಬಂದೋ ಗುಡಿಸಲು ತೆರವಾಗಿಯೋ ಬೀದಿಗೆ ಬೀಳುವವರು ಎಷ್ಟು ಮಂದಿ ಎಂದು ಮುಂಚೆಯೇ ಲೆಕ್ಕ ಹಾಕಲಾಗದು. ಇವನ ವಿಷಯದಲ್ಲಿ ಸೂರು ತಪ್ಪುವ ತಾರೀಖೇ ಗೊತ್ತು. ಆದರೂ ಅದಾದ ಆರು ತಿಂಗಳಿಗೆ, ವರ್ಷಕ್ಕೆ ಅವನು ಎಲ್ಲಿದ್ದಾನೆ, ಎಷ್ಟು ಬಾಡಿಗೆ ಕೊಡುತ್ತಿದ್ದಾನೆ, ಎಷ್ಟು ಸಲ ಜಾಗ ಬದಲಿಸಿದ ಎಂದು ಕೇಳಿ ಬರೆದಿಟ್ಟುಕೊಳ್ಳುವ ಪರಿಪಾಠ ನಮ್ಮಲ್ಲಿ ಬೆಳೆದಿಲ್ಲ. ವಸತಿರಹಿತರ ಅಧ್ಯಯನ ಎಂದರೆ ಫುಟ್‌ಪಾತ್ ಮೇಲೆ ಮಲಗಿದವರ ತಲೆ ಎಣಿಸುವುದು ಎಂದೇ ತಿಳಿದಿದ್ದೇವೆ. ಅದಕ್ಕೂ ಮೊದಲು ನೋಡಬೇಕಾದ್ದು ಬಾಡಿಗೆ ಮನೆಯ ಬಾಗಿಲನ್ನು.

ಕಾನೂನು ಏನೂ ಕೊಟ್ಟಿಲ್ಲ ಎನ್ನುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ, ಪಾಲನಾ ಸಂಸ್ಥೆಗಳಿಂದ ಹೊರಬರುವವರಿಗೆ ಹಣಕಾಸಿನ ನೆರವು ನೀಡಲು ಅವಕಾಶವಿದೆ. 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ಅನುಪಾಲನೆ (ಹೊರಬಂದ ನಂತರದ ಆರೈಕೆ) ಮುಂದುವರಿಯಬಹುದು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇದಕ್ಕೆ ತಿಂಗಳಿಗೆ ₹4,000 ಗೊತ್ತುಪಡಿಸಿದೆ. ಈ ಮೊತ್ತವನ್ನು ಬೆಂಗಳೂರಿನ ಲೆಕ್ಕಕ್ಕೆ ಇಳಿಸಿ ನೋಡಿ. ಊರಂಚಿನ ಬಡಾವಣೆಯೊಂದರಲ್ಲಿ ಶೀಟ್ ಹೊದಿಸಿದ ಒಂಟಿ ಕೋಣೆ, ಬಾಡಿಗೆ ₹7,000 ಅಂದುಕೊಳ್ಳೋಣ. ಇಲ್ಲಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ₹70,000. ನೆರವಿನಲ್ಲಿ ಒಂದು ರೂಪಾಯಿಯನ್ನೂ ಊಟಕ್ಕೆ ಮುಟ್ಟದೆ ಕೂಡಿಟ್ಟರೂ ಅಷ್ಟು ಸೇರಲು ಹದಿನೇಳೂವರೆ ತಿಂಗಳು ಬೇಕು. ನೆರವಿನ ಸಾಮಾನ್ಯ ಅವಧಿಯೇ ಮೂರು ವರ್ಷ. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ ಎನ್ನಿ, ಆಗಲೂ ₹40,000ದ ಆಸುಪಾಸು ಬೇಕು. ಮೊದಲ ಸಂಬಳ ಇನ್ನೂ ಕೈಗೆ ಬಾರದ ಹುಡುಗ ಅದನ್ನು ಎಲ್ಲಿಂದ ತರಬೇಕು? ಮನೆಯಿಂದ ಬಂದ ಹುಡುಗರಿಗೆ ಅಪ್ಪ ಕೊಡುತ್ತಾನೆ, ಇಲ್ಲವೇ ಅಮ್ಮನ ಬಳೆ ಅಡವಿಗೆ ಹೋಗುತ್ತದೆ.

ದುಡ್ಡು ಹೊಂದಿತು ಎಂದೇ ಇಟ್ಟುಕೊಂಡರೂ ಟು-ಲೆಟ್ ಬೋರ್ಡಿನ ಕೆಳಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. 'ಯಾವೂರಪ್ಪ ನಿಂದು?', 'ತಂದೆ ಏನ್ ಮಾಡ್ತಾರೆ?', 'ಅಗ್ರಿಮೆಂಟ್‌ಗೆ ದೊಡ್ಡೋರು ಯಾರಾದ್ರೂ ಬರ್ತಾರಾ?' ಈ ಮೂರಕ್ಕೂ ಅವನ ಬಳಿ ಉತ್ತರವಿಲ್ಲ. ನಿಜ ಹೇಳಿದರೆ ಮಾಲೀಕರು 'ಯೋಚನೆ ಮಾಡಿ ಫೋನ್ ಮಾಡ್ತೀನಿ' ಎನ್ನುತ್ತಾರೆ; ಆ ಫೋನ್ ಬರುವುದಿಲ್ಲ. ಸುಳ್ಳು ಹೇಳಿದರೆ ಆಧಾರ್ ಕಾರ್ಡಿನ ವಿಳಾಸದ ಸಾಲಿನಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿ ಎಷ್ಟೋ ಸಲ ಇರುವುದು ಬಾಲಮಂದಿರದ ವಿಳಾಸವೇ. 'ಬ್ಯಾಚುಲರ್‌ಗೆ ಕೊಡಲ್ಲ' ಎಂಬ ಎಲ್ಲರಿಗೂ ಅನ್ವಯಿಸುವ ನಿಯಮ ಬೇರೆ.

ಹೀಗೆ ಬಾಗಿಲಲ್ಲೇ ತಿರುಗಿಬಂದವರು ನೇರ ಬೀದಿಗೆ ಹೋಗಿ ಮಲಗುವುದು ಕಡಿಮೆ. ಹೆಚ್ಚಿನವರು ಕೆಲಸದ ಜಾಗದಲ್ಲೇ ಸೂರು ಹುಡುಕಿಕೊಳ್ಳುತ್ತಾರೆ. ದರ್ಶಿನಿಗಳಲ್ಲಿ ರಾತ್ರಿ ಷಟರ್ ಎಳೆದ ಮೇಲೆ ನೆಲ ಒರೆಸಿ, ಅದು ಒಣಗುವ ಮೊದಲೇ ಹಾಸಿಗೆ ಸುರುಳಿ ಬಿಚ್ಚುವ ಹುಡುಗರನ್ನು ನೋಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೀಟರ್ ಬೋರ್ಡಿನ ಪಕ್ಕದ ಗೂಡಿನಲ್ಲಿ ಸೆಕ್ಯುರಿಟಿಯವರು, ಕಟ್ಟಡದ ಕೆಲಸ ನಡೆಯುವಲ್ಲಿ ತಗಡಿನ ಶೆಡ್ಡಿನಲ್ಲಿ ಸಹಾಯಕರು. ಸಂಬಳಕ್ಕಿಂತ 'ಊಟ, ವಸತಿ ಉಚಿತ' ಎಂಬ ಸಾಲೇ ಇವರನ್ನು ಅಲ್ಲಿಗೆ ಎಳೆದದ್ದು. ಮಾಲೀಕರ ಜೊತೆ ಒಂದು ಮಾತು ಹೆಚ್ಚುಕಮ್ಮಿಯಾದರೆ ಕೆಲಸ ಹೋದ ಸಂಜೆಯೇ ಮನೆಯೂ ಹೋಗುತ್ತದೆ. ಹೀಗಾಗಿ ಬಾಕಿ ಸಂಬಳ ಕೇಳುವುದಕ್ಕೂ ಬಾಯಿ ಬರುವುದಿಲ್ಲ. ಇನ್ನು ಕೆಲವರು ಗೆಳೆಯರ ಕೋಣೆಯಲ್ಲಿ ನಾಲ್ಕನೆಯವರಾಗಿ, ಐದನೆಯವರಾಗಿ ಅಡ್ಜಸ್ಟ್ ಮಾಡಿಕೊಂಡಿರುತ್ತಾರೆ. ಅಗ್ರಿಮೆಂಟಿನಲ್ಲಿ ಹೆಸರಿರುವುದು ಒಬ್ಬನದು. ಅವನು ಮದುವೆಯಾಗಿಯೋ ಊರಿಗೆ ಹೋಗಿಯೋ ಖಾಲಿ ಮಾಡಿದರೆ ಉಳಿದವರ ಗಂಟುಮೂಟೆಯೂ ಹೊರಗೆ.

ಜನಗಣತಿಗೆ ಇವರ್‍ಯಾರೂ ವಸತಿರಹಿತರಲ್ಲ. 2011ರ ಫೆಬ್ರುವರಿ 28ರ ರಾತ್ರಿ ಗಣತಿದಾರರು ರಸ್ತೆಬದಿ, ರೈಲು ನಿಲ್ದಾಣ, ಮೇಲ್ಸೇತುವೆಗಳ ಕೆಳಗೆ ಹುಡುಕಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರಿದ್ದಾರೆ ಎಂದು ಲೆಕ್ಕ ಕೊಟ್ಟರು. ಒಂದು ಸೂರಿನ ಕೆಳಗೆ ಸಿಕ್ಕವರು ಆ ಲೆಕ್ಕದಿಂದ ಆಚೆಗೇ ಉಳಿದರು. ಸೂರು ಹೋಟೆಲಿನದೋ ಗೋದಾಮಿನದೋ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಅದೇ ಗಣತಿ ದೇಶದ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿವೆ ಎಂದೂ ಹೇಳಿತ್ತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ, ಸಮಸ್ಯೆ ಇಟ್ಟಿಗೆ ಸಿಮೆಂಟಿನದಷ್ಟೇ ಅಲ್ಲ ಎಂಬುದು ಅರ್ಥವಾಗುತ್ತದೆ.

ಹೊರದೇಶಗಳಲ್ಲಿ ವಸತಿರಹಿತರ ಅಧ್ಯಯನ ಬೇರೆ ಪ್ರಶ್ನೆಯಿಂದ ಶುರುವಾಗಿದೆ. ಕೆನಡಾದಲ್ಲಿ 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು 47 ಊರುಗಳ 1,103 ವಸತಿರಹಿತ ಯುವಜನರನ್ನು ಮಾತನಾಡಿಸಿತು. 'ಎಲ್ಲಿ ಮಲಗುತ್ತೀರಿ' ಎಂಬುದರ ಜೊತೆಗೆ 'ಎಲ್ಲಿಂದ ಬಂದಿರಿ' ಎಂದೂ ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಕಾಲದಲ್ಲಿ ಸರ್ಕಾರದ ಮಕ್ಕಳ ರಕ್ಷಣಾ ವ್ಯವಸ್ಥೆಯ ಕೈಹಾದು ಬಂದವರು ಎಂದು ತಿಳಿಯಿತು. ಅಮೆರಿಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಸಂಶೋಧಕರು 2017ರಲ್ಲಿ ಪರಿಚಿತರ ಸೋಫಾಗಳ ಮೇಲೆ ರಾತ್ರಿ ಕಳೆಯುವವರನ್ನೂ ಲೆಕ್ಕಕ್ಕೆ ಹಿಡಿದರು. 18ರಿಂದ 25ರೊಳಗಿನ ಹತ್ತರಲ್ಲಿ ಒಬ್ಬರು ಒಂದೇ ವರ್ಷದಲ್ಲಿ ಯಾವುದೋ ರೂಪದಲ್ಲಿ ಮನೆ ಇಲ್ಲದ ಸ್ಥಿತಿ ಕಂಡಿದ್ದರು. ಪೋಷಣಾ ವ್ಯವಸ್ಥೆಯಿಂದ ಹೊರಬಂದ ಯುವಜನರಿಗೆಂದೇ 36 ತಿಂಗಳವರೆಗಿನ ಬಾಡಿಗೆ ವೋಚರನ್ನು ಅಲ್ಲಿನ ಸರ್ಕಾರ 2019ರಲ್ಲಿ ಆರಂಭಿಸಿತು.

ನಮ್ಮಲ್ಲೂ ಪ್ರಯತ್ನ ಆಗಿಲ್ಲವೆಂದಲ್ಲ. ಉದಯನ್ ಕೇರ್ ಸಂಸ್ಥೆ 2019ರಲ್ಲಿ ಹೊರತಂದ ಅಧ್ಯಯನ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಪಾಲನಾ ಸಂಸ್ಥೆಗಳಿಂದ ಹೊರಬಂದವರನ್ನು ಮಾತನಾಡಿಸಿತ್ತು. ಅದು ನೋಡಿದ ಹಲವು ಸಂಗತಿಗಳಲ್ಲಿ ವಸತಿಯೂ ಒಂದು. ಅದನ್ನು ಮುಂದುವರಿಸಿ ಬಾಡಿಗೆ ಮಾರುಕಟ್ಟೆಯ ಒಳಹೊಕ್ಕು ನೋಡುವ ಕೆಲಸ ವಸತಿ ಇಲಾಖೆಯದು. ಆದರೆ ವಸತಿ ಇಲಾಖೆಗೆ ಹದಿನೆಂಟರ ಹುಡುಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವಿಷಯ. ಆ ಇಲಾಖೆಗೆ ಬಾಡಿಗೆ ಎಂಬುದು ವಸತಿ ಇಲಾಖೆಯ ವಿಷಯ.

ಸರ್ಕಾರಗಳ ಕೈಗೆ ಸುಲಭಕ್ಕೆ ಸಿಗುವ ಪರಿಹಾರ ಕಟ್ಟಡ. 2020ರಲ್ಲಿ ಕೋವಿಡ್ ವಲಸೆಯ ದೃಶ್ಯಗಳನ್ನು ಕಂಡ ಮೇಲೆ ಕೇಂದ್ರವು ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಪ್ರಕಟಿಸಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಉಳಿದಿದ್ದ 80 ಸಾವಿರಕ್ಕೂ ಹೆಚ್ಚು ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ಮಾದರಿ. ಕೆಲವು ವರ್ಷಗಳ ನಂತರ ನೋಡಿದರೆ ಹೀಗೆ ಬಳಕೆಗೆ ಬಂದವು ಆರು ಸಾವಿರವನ್ನೂ ಮುಟ್ಟಿರಲಿಲ್ಲ. ಅಂಥ ಎಷ್ಟೋ ಮನೆಗಳು ಖಾಲಿ ಉಳಿದದ್ದೇ ಕೆಲಸದ ಜಾಗದಿಂದ ದೂರ ಕಟ್ಟಿದ್ದರಿಂದ. ಬೆಳಗಿನ ಐದಕ್ಕೆ ಹಾಲಿನ ಕ್ರೇಟ್ ಇಳಿಸುವ ಹುಡುಗನಿಗೆ ಮೊದಲ ಬಸ್ಸೇ ಆರಕ್ಕೆ ಹೊರಡುವ ಕಡೆಯ ಮನೆ, ಬಾಡಿಗೆ ಎಷ್ಟೇ ಅಗ್ಗವಿರಲಿ, ದುಬಾರಿಯೇ.

ಫಿನ್ಲೆಂಡಿನ ವೈ-ಫೌಂಡೇಷನ್ 1985ರಿಂದ ಬೇರೆ ದಾರಿಯನ್ನೂ ಹಿಡಿದಿದೆ. ಊರೊಳಗಿನ ಸಾಮಾನ್ಯ ಕಟ್ಟಡಗಳಲ್ಲೇ ಅಲ್ಲೊಂದು ಇಲ್ಲೊಂದು ಫ್ಲ್ಯಾಟ್ ಖರೀದಿಸಿ ವಸತಿರಹಿತರಿಗೆ ಬಾಡಿಗೆಗೆ ಕೊಡುತ್ತದೆ. ಪಕ್ಕದ ಮನೆಯವರಿಗೆ ಅವರು ಬರೀ ಇನ್ನೊಬ್ಬ ಬಾಡಿಗೆದಾರರು. ಪರಿಚಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರನ್ನೂ ಆ ದೇಶ ವಸತಿರಹಿತರೆಂದೇ ಎಣಿಸುತ್ತದೆ. ಅಷ್ಟಿದ್ದೂ, ದಶಕಗಟ್ಟಲೆ ಇಳಿಯುತ್ತ ಬಂದಿದ್ದ ಸಂಖ್ಯೆ 2024ರಲ್ಲಿ ಮತ್ತೆ ಏರಿತು. ಫಿನ್ಲೆಂಡಿಗೂ ಇದು ಒಮ್ಮೆ ಗೆದ್ದು ಮುಗಿಸುವ ಕೆಲಸವಾಗಿಲ್ಲ.

ಹುಡುಗಿಯರ ಪ್ರಶ್ನೆ ಬಂದಾಗ ನಮ್ಮ ವ್ಯವಸ್ಥೆಗೆ ಹೊಳೆಯುವ ಉತ್ತರ ಮದುವೆ. ಉಡುಪಿ, ದಾವಣಗೆರೆಗಳ ರಾಜ್ಯ ಮಹಿಳಾ ನಿಲಯಗಳಲ್ಲಿ ಅಧಿಕಾರಿಗಳೇ ಮುಂದೆ ನಿಂತು ಧಾರೆ ಎರೆದುಕೊಡುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಮೆಚ್ಚಿದ್ದೇವೆ. ಆ ಅಧಿಕಾರಿಗಳ ಕಕ್ಕುಲಾತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಮದುವೆಯೊಂದೇ ಹೊರಗಿನ ಬಾಗಿಲಾದರೆ ಬೇಡ ಎನ್ನುವ ಸ್ವಾತಂತ್ರ್ಯ ಆಕೆಗೆ ಎಷ್ಟಿದ್ದೀತು? ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ ಹುಡುಗಿಗೆ ಬೇಕಾದದ್ದು ಸ್ವಂತ ಬೀಗದ ಒಂದು ಕೋಣೆ ಇರಬಹುದು. ಕೇಳಿದವರು ಯಾರು?

ಮನೆ ಮಾಲೀಕರನ್ನು ಖಳನಾಯಕರಾಗಿಸುವುದು ಸುಲಭ. ಎರಡು ಕೋಣೆಯ ಬಾಡಿಗೆಯಲ್ಲೇ ಔಷಧಿ, ಕರೆಂಟ್ ಬಿಲ್ಲು ತೂಗಿಸುವ ವೃದ್ಧೆಯೂ ಮಾಲೀಕಳೇ. ಬಾಡಿಗೆ ನಿಂತರೆ ಕೋರ್ಟಿಗೆ ಅಲೆಯುವ ಶಕ್ತಿ ಆಕೆಗಿಲ್ಲ. ಅಡ್ವಾನ್ಸ್ ಎಂಬುದು ಅವಳ ಪಾಲಿನ ವಿಮೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಸತಿಗೆ ಎರಡು ತಿಂಗಳ ಠೇವಣಿಯ ಮಿತಿ ಸೂಚಿಸಿದೆ, ಆದರೆ ಅದನ್ನು ಒಪ್ಪಿಕೊಳ್ಳುವುದು ರಾಜ್ಯಗಳಿಗೆ ಬಿಟ್ಟದ್ದು. ಬರೀ ಮಿತಿ ಹೇರಿದರೆ ವೃದ್ಧೆಯ ಭಯ ಹೋಗುವುದಿಲ್ಲ. ಆಕೆ ಇನ್ನಷ್ಟು ಜರಡಿ ಹಿಡಿದು ಬಾಡಿಗೆದಾರರನ್ನು ಆರಿಸುತ್ತಾಳೆ, ಅಷ್ಟೆ. ಜಾಮೀನು ನಿಲ್ಲುವವರು ಬೇಕು. ಇಂಗ್ಲೆಂಡಿನ ಹಲವು ಸ್ಥಳೀಯ ಸಂಸ್ಥೆಗಳು ತಮ್ಮ ಪಾಲನೆಯಲ್ಲಿ ಬೆಳೆದವರ ಬಾಡಿಗೆಗೆ ತಾವೇ ಜಾಮೀನಾಗುತ್ತವೆ. ತಂದೆತಾಯಿಯ ಸ್ಥಾನದಲ್ಲಿ ನಿಂತು ಸಾಕಿದ ಮೇಲೆ ಅಗ್ರಿಮೆಂಟಿಗೆ ಸಹಿ ಹಾಕುವುದೂ ಸರ್ಕಾರದ ಹೊಣೆಯೇ ಅಲ್ಲವೇ? ನೂರು ಮಂದಿಗೆ ತಲಾ ₹70,000ದಂತೆ ಅಡ್ವಾನ್ಸ್ ಇಡಲು ಬೇಕಾಗುವುದು ₹70 ಲಕ್ಷ. ಅದು ಖರ್ಚಲ್ಲ, ಬಾಡಿಗೆ ಬಾಕಿಗೆ ಮುರಿದುಕೊಂಡದ್ದನ್ನು ಬಿಟ್ಟರೆ ಮನೆ ಖಾಲಿ ಮಾಡಿದಾಗ ಮರಳಿ ಬಂದು ಮತ್ತೊಬ್ಬರಿಗೆ ಸಲ್ಲುವ ಹಣ. ಎಷ್ಟು ಮುಳುಗೀತು ಎಂಬ ಪ್ರಶ್ನೆಗೆ ಊಹೆಯ ಉತ್ತರ ಬೇಡ. ಒಂದು ಜಿಲ್ಲೆಯಲ್ಲಿ ಎರಡು ವರ್ಷ ಮಾಡಿ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ. ಸಂಶೋಧನೆ ಎಂದರೆ ಇದೂ ಹೌದು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನ. ಅದು ಈ ಯುವಜನರನ್ನು ಹುಡುಕಿಕೊಡುತ್ತದೆ ಎಂಬ ಭರವಸೆ ನನಗಿಲ್ಲ, ಅದನ್ನು ಕಾಯಬೇಕಾದ ಅಗತ್ಯವೂ ಇಲ್ಲ. ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಡತಗಳಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಹದಿನೆಂಟು ತುಂಬುವವರ ಹೆಸರುಗಳು ಈಗಾಗಲೇ ಇವೆ. ಹೋದ ಮೂರು ವರ್ಷಗಳಲ್ಲಿ ಹೊರಹೋದವರ ಹೆಸರುಗಳೂ ಇವೆ. ಅವರನ್ನು ಹುಡುಕಲಿ. ಪ್ರಶ್ನಾವಳಿ ಹಿಡಿದು ಹೋಗುವ ಕೆಲಸವನ್ನು ಅವರಲ್ಲೇ ಕೆಲವರಿಗೆ ಸಂಬಳ ಕೊಟ್ಟು ಒಪ್ಪಿಸಲಿ. ಯಾವ ಓಣಿಯಲ್ಲಿ ಯಾವ ಪ್ರಶ್ನೆಗೆ ಬಾಗಿಲು ಮುಚ್ಚಿತು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ವಸತಿ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು ಮುಂದಿನ ಬಜೆಟ್ ಪೂರ್ವಸಿದ್ಧತೆಯ ಹೊತ್ತಿಗೆ ಒಟ್ಟಿಗೆ ಕುಳಿತು ಈ ಪಟ್ಟಿಯನ್ನು ಮೇಜಿನ ಮೇಲಿಡಲಿ.