ಏ.ಸಿ.ಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೇ?

ಬೇಸಿಗೆ ಬಂತೆಂದರೆ ನಮ್ಮ ಕರಾವಳಿಯ ಸೆಕೆ ತಡೆಯಲಾಗದು. ವಯಸ್ಸಾದ ಅತ್ತೆಗೋ ಹಸುಗೂಸಿಗೋ ಎಂದು ಒಂದು ಕೋಣೆಗೆ ಏ.ಸಿ. ಹಾಕಿಸಿರುತ್ತೀರಿ. ಒಂದು ದಿನ ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಮೆಕ್ಯಾನಿಕ್ ಬಂದು ನೋಡಿ "ಗ್ಯಾಸ್ ಖಾಲಿ ಅಕ್ಕಾ" ಎನ್ನುತ್ತಾನೆ. ಪತಿ ಗಲ್ಫ್‌ನಲ್ಲಿ. ಕೇಳಿದಷ್ಟು ಕೊಟ್ಟು ಕಳುಹಿಸುತ್ತೀರಿ. ಮುಂದಿನ ವರ್ಷವೂ ಅದೇ ಮಾತು!

ಸಹೋದರಿಯರೇ, ಏ.ಸಿ.ಯ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಮುಗಿಯುವುದಿಲ್ಲ. ಅದು ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಸುರಿದಂತೆ.

ಗ್ಯಾಸ್ ಸರಿಯಾಗಿದ್ದರೂ ತಂಪು ನಿಲ್ಲಬಹುದು. ಹೆಚ್ಚು ಒತ್ತಡದ ದ್ರವ ಒಂದು ಕಿರಿದಾದ ದಾರಿಯನ್ನು ದಾಟಿದೊಡನೆ ಒತ್ತಡ ಇಳಿದು ತಣ್ಣಗಾಗುತ್ತದೆ. ಹಳೆಯ ಮಾದರಿಯ ಏ.ಸಿ.ಗಳಲ್ಲಿ ಈ ದಾರಿ ಸಣ್ಣ ತೂತಿನ ತಾಮ್ರದ ಕೊಳವೆ. ಅನೇಕ ಇನ್ವರ್ಟರ್ ಏ.ಸಿ.ಗಳಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಎಕ್ಸ್‌ಪಾನ್ಶನ್ ವಾಲ್ವ್. ಕಸ, ತೇವ ಸೇರಿದರೆ ಇದು ಕಟ್ಟಿಕೊಳ್ಳುತ್ತದೆ. ಆಗಲೂ ಮೆಕ್ಯಾನಿಕ್‌ನ ಮೀಟರಿನ ಮುಳ್ಳು ಕೆಳಗಿಳಿಯುತ್ತದೆ, ಗ್ಯಾಸ್ ಕಡಿಮೆಯಾದಾಗ ಇಳಿಯುವಂತೆಯೇ! ಎಡವಟ್ಟಾಗುವುದು ಇಲ್ಲೇ. ಕಟ್ಟಿಕೊಂಡ ದಾರಿಗೆ ಮತ್ತಷ್ಟು ಗ್ಯಾಸ್ ತುಂಬಿದರೆ ಕಂಪ್ರೆಸರಿಗೇ ಕುತ್ತು.

ಮೆಕ್ಯಾನಿಕನ್ನು ಕರೆಯುವ ಮೊದಲು ನೀವೇ ಇಷ್ಟು ನೋಡಿ:

* ಫಿಲ್ಟರ್ ತೆಗೆದು ತೊಳೆಯಿರಿ. ಧೂಳು ತುಂಬಿದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಚಾಕುವಿನಿಂದ ಕೆರೆಯಬೇಡಿ. ಆರಿಸಿಟ್ಟು ತಾನಾಗಿ ಕರಗಲು ಬಿಡಿ.

* ಇನ್ವರ್ಟರ್ ಏ.ಸಿ.ಯಾದರೆ ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ಸಿಕ್ಕಿಕೊಂಡ ವಾಲ್ವ್ ಕೆಲವೊಮ್ಮೆ ಇದರಿಂದಲೇ ಸರಿಯಾಗುತ್ತದೆ.

* ಫಿಲ್ಟರ್ ಸ್ವಚ್ಛವಿದ್ದೂ ಸ್ವಲ್ಪ ಹೊತ್ತು ತಂಪಾಗಿ ನಿಲ್ಲುತ್ತದೆಯೇ? ಆರಿಸಿಟ್ಟರೆ ಮತ್ತೆ ತಂಪಾಗುತ್ತದೆಯೇ? ತೇವವು ಆ ಕಿರಿದಾದ ದಾರಿಯಲ್ಲಿ ಹೆಪ್ಪುಗಟ್ಟುತ್ತಿರಬಹುದು. ಇದನ್ನು ಮೆಕ್ಯಾನಿಕ್‌ಗೆ ಹೇಳಿ.

ಬಂದವನಲ್ಲಿ ಸಮಾಧಾನದಿಂದ ಕೇಳಿ: ಸೋರಿಕೆ ಎಲ್ಲಿದೆ, ತೋರಿಸುತ್ತೀಯಾ? ನೈಟ್ರೋಜನ್ ಹಾಕಿ ಪರೀಕ್ಷಿಸಿದೆಯಾ? ವಾಲ್ವ್‌ನ ಮೇಲಿನ ಕಾಯಿಲ್ ನೋಡಿದೆಯಾ? ಕೆಟ್ಟಿರುವುದು ಕಾಯಿಲ್ ಮಾತ್ರವಾದರೆ ವಾಲ್ವ್ ಕತ್ತರಿಸಬೇಕಾಗಿಲ್ಲ, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಗ್ಯಾಸ್ ತುಂಬಲೇಬೇಕಾದರೆ ಮೊದಲು ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ, ತೇವ ತೆಗೆಯಬೇಕು. ಬಳಿಕ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಎಷ್ಟು ಎಂಬುದು ಹೊರಗಿನ ಪೆಟ್ಟಿಗೆಯ ಚೀಟಿಯಲ್ಲೇ ಬರೆದಿರುತ್ತದೆ. ಅದರಲ್ಲಿ ಆರ್-32 ಎಂದಿದ್ದರೆ ಆ ಗ್ಯಾಸಿಗೆ ಬೆಂಕಿ ತಗಲಬಹುದು. ಕೆಲಸ ನಡೆಯುವಾಗ ಕಿಟಕಿ ತೆರೆದಿಡಿ, ಒಲೆ ಆರಿಸಿ, ಮಕ್ಕಳನ್ನು ದೂರವಿಡಿ.

ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ, ಅಲ್ ಮುತಫ್ಫಿಫೀನ್. ಗ್ಯಾಸನ್ನು ತೂಗಿ ಹಾಕು ಎಂದು ಕೇಳಲು ಸಂಕೋಚವೇಕೆ? ಹಾಗೆಂದು ಪ್ರತಿಯೊಬ್ಬನನ್ನೂ ಕಳ್ಳನಂತೆ ನೋಡಬೇಡಿ. ಅನೇಕರು ತಿಳಿಯದೆಯೇ ತಪ್ಪುತ್ತಾರೆ. ಬಿಸಿಲಲ್ಲಿ ದುಡಿದವನಿಗೆ ಒಂದು ಲೋಟ ಶರಬತ್ತು ಕೊಡಿ. ಕೆಲಸ ಸರಿಯಾಗಿದ್ದರೆ ಕೂಲಿಯನ್ನು ಚೌಕಾಸಿ ಮಾಡದೆ ಅಂದೇ ಕೊಟ್ಟುಬಿಡಿ.