ಕಾರಣ ಹೇಳುವ ಆತುರ ಬೇಡ

ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡರೆ ನಮ್ಮ ಕಾಲೇಜುಗಳು ಮಾಡುವುದು ಹೆಚ್ಚುಕಡಿಮೆ ಇಷ್ಟೇ: ಎರಡು ನಿಮಿಷದ ಮೌನ, ಒಂದು ದಿನದ ರಜೆ, ಸಾವಿಗೆ ವೈಯಕ್ತಿಕ ಕಾರಣ ಎಂಬ ಹೇಳಿಕೆ. ಮೌನಕ್ಕೆ ನನ್ನ ತಕರಾರಿಲ್ಲ, ಹೇಳಿಕೆಗೆ ಇದೆ. ಮರಣೋತ್ತರ ಪರೀಕ್ಷೆಯ ವರದಿ ಬರುವ ಮೊದಲೇ, ಹೆತ್ತವರು ಇನ್ನೂ ದಾರಿಯಲ್ಲಿರುವಾಗಲೇ, ಕಾರಣ ತೀರ್ಮಾನವಾಗಿಬಿಟ್ಟಿರುತ್ತದೆ. ಕಲಬುರಗಿ ಜಿಲ್ಲೆಯ ನರೋಣಾ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಮನೆತನದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳ ತಂದೆತಾಯಿ ಆಡಳಿತ ಮಂಡಳಿಯ ಮಾತನ್ನು ಪ್ರಶ್ನಿಸುವುದು ಸುಲಭವಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೊರರಾಜ್ಯಗಳಿಂದ ಬಂದವರ ಹೆತ್ತವರಿಗೆ ಇಲ್ಲಿನ ಭಾಷೆಯೂ ಅಡ್ಡ.

ದೆಹಲಿ ಐಐಟಿಯಲ್ಲಿ 2023ರಲ್ಲಿ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡಾಗ, ಹೆತ್ತವರು ದೂರು ಕೊಟ್ಟರೂ ಎಫ್‌ಐಆರ್ ಆಗಲಿಲ್ಲ. ಅದನ್ನು ದಾಖಲಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2025ರ ಮಾರ್ಚ್ 24ರಂದು. ಕ್ಯಾಂಪಸ್ಸಿನಲ್ಲಿ ಇಂಥ ಸಾವಾದರೆ ಕೂಡಲೇ ಪೊಲೀಸರ ಮುಂದೆ ಹೋಗುವುದು ಸಂಸ್ಥೆಯದೇ ಹೊಣೆ ಎಂದೂ ಅದು ಹೇಳಿತು. ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣವೆಂದು ದಾಖಲಾದ ಸಾವುಗಳು 2,248. ಫೇಲಾದ ಕೊರಗು ಎಂಬ ಸಿದ್ಧ ಉತ್ತರ ಎಷ್ಟು ಕಡಿಮೆ ಸಾವುಗಳಿಗೆ ಹೊಂದುತ್ತದೆ ನೋಡಿ. ಉಳಿದವುಗಳ ಹಿಂದೆ ಸಾಲ, ಜಾತಿ ನಿಂದನೆ, ಕಾಯಿಲೆ, ರ್‍ಯಾಗಿಂಗ್ ಯಾವುದೂ ಇರಬಹುದು, ಹಲವು ಕೂಡಿಯೂ ಇರಬಹುದು. ತನ್ನ ಮೇಲೂ ಪ್ರಶ್ನೆ ಬರಬಹುದಾದ ಸಂಸ್ಥೆ ತಾನೇ ತೀರ್ಪು ಕೊಡಬಾರದು. ಹಾಜರಿ ಪುಸ್ತಕ, ಅಂಕಪಟ್ಟಿ, ಹಳೆಯ ದೂರುಗಳನ್ನು ಕಾಪಾಡಿ ತನಿಖೆಯವರ ಕೈಗೆ ಕೊಡುವುದಷ್ಟೇ ಅದರ ಕೆಲಸ.

ಬಾಯಿಬಿಟ್ಟರೆ ವದಂತಿ ಹಬ್ಬುತ್ತದೆ, ಬೇರೆ ಮಕ್ಕಳೂ ಅದೇ ದಾರಿ ಹಿಡಿದಾರು ಎಂದು ಪ್ರಾಂಶುಪಾಲರು ಅಂಜುತ್ತಾರೆ. ಅಂಜಿಕೆ ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟ ಸಲಹೆ ಬೇಡವೆನ್ನುವುದು ಸಾವಿನ ವಿಧಾನದ ವಿವರವನ್ನು, ವೈಭವೀಕರಣವನ್ನು ಮತ್ತು ಒಂದೇ ಕಾರಣಕ್ಕೆ ಗಂಟುಹಾಕುವುದನ್ನು, ಸಾವಿನ ಸುದ್ದಿಯನ್ನಲ್ಲ. ವದಂತಿ ಹುಟ್ಟುವುದೇ ಸತ್ಯ ಮುಚ್ಚಿಟ್ಟ ಕಡೆ. ಗುಟ್ಟಾಗಿರಲಿ ಎಂದು ಮನೆಯವರು ಬೇಡಿಕೊಂಡರೆ ಹೆಸರನ್ನು ಹೊರಗೆ ಹೇಳದಿರೋಣ, ಆದರೆ ಪೊಲೀಸರಿಗೆ ತಿಳಿಸುವುದನ್ನು ತಪ್ಪಿಸುವಂತಿಲ್ಲ.

ಇನ್ನು ಆ ರಜೆ. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಗೆಳೆಯನನ್ನು ಸಂಜೆಯ ಬಸ್ಸಿಗೆ ಹತ್ತಿಸಿ ಕಳಿಸಿದರೆ ಅವನ ದುಃಖಕ್ಕೆ ಕಿವಿಯಾಗುವವರು ಯಾರು? ಪರೀಕ್ಷೆ ಮುಂದೂಡಿ, ಹತ್ತಿರದ ಗೆಳೆಯರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ, ವಾರಗಟ್ಟಲೆ ವಿಚಾರಿಸುತ್ತಿರಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಆಪ್ತಸಮಾಲೋಚಕರು ಇರಲೇಬೇಕೆಂದು 2025ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮಲ್ಲಿ ಆ ಹುದ್ದೆ ಖಾಲಿಯಿದ್ದರೆ ತುಂಬಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಇವತ್ತೇ ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಸಿ.