ಕಾಯ್ದೆ ತಡೆದದ್ದು ಕಿರುಕುಳವನ್ನು, ಕಂತನ್ನಲ್ಲ

ಬಳ್ಳಾರಿ ತಾಲ್ಲೂಕಿನ ಮೋಕದಂತಹ ಊರುಗಳಲ್ಲಿ ಭತ್ತ, ಮೆಣಸಿನಕಾಯಿಯ ಹಣ ಕೈಸೇರುವುದು ಸುಗ್ಗಿಯ ನಂತರ. ಕಿರುಸಾಲದ ಕಂತು ಮಾತ್ರ ವಾರಕ್ಕೋ ತಿಂಗಳಿಗೋ ಬಾಗಿಲಿಗೆ ಬರುತ್ತದೆ. ಈ ಅಂತರ ತುಂಬಲು ಹೊಸ ಸಾಲ ತಂದು ಹಳೆಯದನ್ನು ತೀರಿಸುವ ಯುವಕ ಸುಳಿಗೆ ಸಿಲುಕುತ್ತಾನೆ.

2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನು ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲವನ್ನು ಅದು ಮನ್ನಾ ಮಾಡಿಲ್ಲ. ಮನ್ನಾ ಆಯಿತೆಂದು ನಂಬಿ ಕಂತು ನಿಲ್ಲಿಸಿದವನಿಗೆ ಬಾಕಿ ಬೆಳೆಯುತ್ತದೆ.

ವಾರ್ಷಿಕ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಕಿರುಸಾಲ ನೀಡುವಾಗ, ಎಲ್ಲ ಸಾಲಗಳ ಮಾಸಿಕ ಕಂತು ಆದಾಯದ ಶೇ 50ನ್ನು ಮೀರಕೂಡದೆಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಈ ಲೆಕ್ಕವನ್ನು ಸಾಲಗಾರನೂ ಹಾಕಬೇಕು. ಮಿತಿ ಮೀರಿದ್ದರೆ ಹೊಸ ಸಾಲಕ್ಕೆ ಸಹಿ ಹಾಕದೆ, ಕಂತಿನ ಅವಧಿ ವಿಸ್ತರಿಸುವಂತೆ ಸಾಲ ಕೊಟ್ಟವರನ್ನು ಕೇಳುವುದೇ ಋಣಮುಕ್ತಿಯ ಮೊದಲ ಹೆಜ್ಜೆ.